ನಡುಗಡಲಿನಲ್ಲಿ ಏಳು ಗಂಟು

೧೯೮೯ರ ದೀಪಾವಳಿ ಪಾಡ್ಯದ ದಿನ, ಬೆಳಗಿನ ಅವಲಕ್ಕಿ ತಟ್ಟೆ ಖಾಲಿಯಾಗುವುದರೊಳಗೆ ನಾನು ಹೆದರುವುದನ್ನು ಬಿಟ್ಟುಬಿಟ್ಟೆ! ಹೌದು, ಬಿಟ್ಟೇಬಿಟ್ಟೆ. ಕೆಲವರು ನಶ್ಯ ಬಿಡುತ್ತಾರೆ, ಕೆಲವರು ಚಹಾ ಬಿಡುತ್ತಾರೆ. ನಾನು ಅವೆರಡಕ್ಕಿಂತ ಹಳೆಯ ಚಟವನ್ನು ಬಿಟ್ಟೆ.

ಇದಕ್ಕೆ ಕಾರಣ ನಮ್ಮವರು. ನಮ್ಮವರೆಂದರೆ ಭಾವುಸಾಹೇಬರು. ಹಾರೂಗೇರಿಯಲ್ಲಿ ಡೀಸೆಲ್ ಇಂಜಿನ್ ಸಾಮಾನಿನ ಅಂಗಡಿ ಇಟ್ಟವರು. ಹೊಳೆದಂಡೆಯಲ್ಲಿ ಯಾರ ಇಂಜಿನ್ ಕೆಮ್ಮಿದರೂ ಅಲಖನೂರಿನ ನಮ್ಮ ಮನೆಯಲ್ಲಿ ಕುಳಿತೇ ಇವರಿಗೆ ಕೇಳಿಸುತ್ತದೆ. ಹೆಂಡತಿ ಕೆಮ್ಮಿದರೆ ಕೇಳಿಸುವುದಿಲ್ಲ, ಅದು ಬೇರೆ ಮಾತು. ಆ ದಿನ ನಮ್ಮ ಐದು ವರ್ಷದ ಮಗಳು ಪದ್ಮಿ ಎಮ್ಮೆ ನೀರು ಕುಡಿಯುವ ತೊಟ್ಟಿಯಲ್ಲಿ ಕಾಗದದ ದೋಣಿ ಬಿಡಲು ಹೊರಟಳು. ನಾನು ಎಂದಿನಂತೆ, "ಬ್ಯಾಡ! ಜಾರ್ತಿ! ನೆಗಡಿ ಆಗತೈತಿ! ನ್ಯುಮೋನಿಯಾ ಆಗತೈತಿ!" ಎಂದು ಕೂಗಿದೆ.

"ಸಕ್ರಿ ಕಾರ್ಖಾನಿ ವರ್ಷಕ್ಕ ಆರ ತಿಂಗಳ ನಡೀತೈತಿ," ಎಂದರು ನಮ್ಮವರು. "ನಮ್ಮ ಮನ್ಯಾಗಿನ ಅಂಜಿಕಿ ಕಾರ್ಖಾನಿ ಮಾತ್ರ ಹನ್ನೆರಡೂ ತಿಂಗಳ, ಮೂರೂ ಪಾಳಿ!"

"ನಾ ಧಾರವಾಡದಾಗ ಕಲ್ತಾಕಿ. ನೀರಿನ ಅಪಾಯ ಏನಂತ ನನಗ ಗೊತ್ತೈತಿ."

"ಧಾರವಾಡದಾಗ ನೀರೆಲ್ಲಿತ್ತ? ಮೂರ ದಿನಕ್ಕೊಮ್ಮಿ ನಳಾ ಬರ್ತಿತ್ತು, ಅದೂ ನಿಮ್ಮಪ್ಪ ಎದ್ದ ಕುಂತಿದ್ರ!"

ತವರಿಗೂ ನಳಕ್ಕೂ ಒಟ್ಟಿಗೇ ಅವಮಾನ! ನಾನು ಸೆರಗು ಸಿಕ್ಕಿಸಿ ಘೋಷಿಸಿದೆ: "ಹಂಗಾರ ನಿಮ್ಮ ಗಂಗಾರಾಮನ ಬೋಟಿನಾಗ ಸಮುದ್ರಕ್ಕ ಹೋಗೂಣು ನಡೀರಿ! ದಂಡಿಗಲ್ಲ, ನಡು ಸಮುದ್ರಕ್ಕ! ಮಗಳನ್ನೂ ಕರಕೊಂಡ. ನಾ ಒಮ್ಮೆರೆ 'ಬ್ಯಾಡ' ಅಂದ್ರ ಕೇಳ್ರಿ!"

ಬಾಯಿ ಇಷ್ಟು ಹೇಳಿ ಮುಗಿಸಿದ ಮೇಲೆ ತಲೆಗೆ ಸುದ್ದಿ ಮುಟ್ಟಿತು. ಆದರೆ ನಮ್ಮವರು ಆಗಲೇ ಚೀಲ ಹುಡುಕುತ್ತಿದ್ದರು.

ಗಂಗಾರಾಮ ಮಹಾರಾಷ್ಟ್ರದ ಕಡಲೂರು ಮಾಲವಣದ ಮೀನುಗಾರ, ಮಾತು ಮರಾಠಿ, ನಡುನಡುವೆ ನಮ್ಮ ಕನ್ನಡ. ಹಿಂದೊಮ್ಮೆ ನಿಪ್ಪಾಣಿಯ ಬೀಗರ ಮನೆಗೆ ಬಂದವನು, ಎಲ್ಲಿಯೂ ಸಿಗದ ಒಂದು ಇಂಜಿನ್ ಸಾಮಾನನ್ನು ನಮ್ಮವರ ಅಂಗಡಿಯಲ್ಲಿ ಕಂಡು ದೇವರನ್ನೇ ಕಂಡಂತೆ ಕೈ ಮುಗಿದಿದ್ದನಂತೆ. ಅಂದಿನಿಂದ ವರ್ಷವರ್ಷವೂ, "ಮನೆಮಂದಿಯನ್ನು ಕರೆದುಕೊಂಡು ಬನ್ನಿ, ದಂಡೆ ಕಾಣದಷ್ಟು ದೂರ ಹೋಗಿ ಮೀನು ಹೇಗೆ ಹಿಡಿಯುತ್ತೇವೆ ತೋರಿಸುತ್ತೇನೆ," ಎಂದು ಕರೆಯುತ್ತಿದ್ದ. ನಾವು ಜೈನರು. ಮೀನಿನ ಹೆಸರು ತೆಗೆದರೂ ನಮ್ಮ ಅತ್ತೆ ತಾರಾಬಾಯಿ ಬಾಯಿ ಮುಕ್ಕಳಿಸುವವರು. ಆದ್ದರಿಂದ ನಮ್ಮವರು ಅತ್ತೆಗೆ "ಸಮುದ್ರ ನೋಡಾಕ" ಎಂದು ಹೇಳಿದರು. ಗಂಗಾರಾಮನಿಗೆ, "ನಮ್ಮ ತಾಯಿಯ ಮುಂದೆ ಬಲೆ ನೀರಿಗೆ ಇಳಿಸಬೇಡ, ಬರೀ ತೋರಿಸು," ಎಂದು ಪತ್ರ ಬರೆದರು.

ಅತ್ತೆಗೆ ಅರವತ್ತೆರಡು. ಕಬ್ಬಿನ ಹೊಲದಲ್ಲಿ ಬಾಳು ಸವೆಸಿದವರು, ಸಮುದ್ರ ಕಂಡವರಲ್ಲ. ಅಮಾವಾಸ್ಯೆಗೊಮ್ಮೆ ಹೊಳೆಗೆ ಹೋಗಿ ಮೀನಿಗೆ ಹಿಟ್ಟಿನ ಉಂಡೆ ಹಾಕುವುದು ಅವರ ನೇಮ. ಪತ್ರಕ್ಕೆ ಉತ್ತರ ಬಂದು ಹೊರಡುವ ದಿನವೂ ದೊಡ್ಡ ಡಬ್ಬಿಯ ತುಂಬ ಉಂಡೆ ಕಟ್ಟಿಕೊಂಡಿದ್ದರು. "ಹೊಳಿ ಮೀನಿಗಷ್ಟ ಹಾಕಿದ್ರ ಹೆಂಗ? ಸಮುದ್ರದ ಮೀನ ಏನ ಪಾಪ ಮಾಡ್ಯಾವ?"

ನನ್ನ ಚೀಲದಲ್ಲಿ ವಿಕ್ಸು, ಗ್ಲುಕೋಸು, ಲಿಂಬೆಹಣ್ಣು, ಬ್ಯಾಂಡೇಜು ಬಟ್ಟೆ ಇದ್ದವು. ಮಗಳ ಕೊರಳಿಗೆ ಹಾಕಲು ಗಾಳಿ ತುಂಬಿದ ಲೂನಾ ಗಾಡಿಯ ಟ್ಯೂಬೂ ಇತ್ತು. ಫೋಂಡಾ ಘಾಟಿನ ತಿರುವಿನಲ್ಲಿ ಕೆಂಪು ಬಸ್ಸು ವಾಲಿ, ಯಾರದೋ ಟ್ರಂಕು ಟ್ಯೂಬಿನ ಮೇಲೆ ಬಿದ್ದು, ಅದು 'ಢಬ್' ಎಂದು ಪ್ರಾಣ ಬಿಟ್ಟಿತು. ಬಸ್ಸಿನಲ್ಲಿ ಕಿರುಚಿದವಳು ನಾನೊಬ್ಬಳೇ.

ಮರುದಿನ ಬೆಳಕು ಹರಿಯುವಾಗ ಮಾಲವಣದ ದಂಡೆಯಲ್ಲಿ ನಿಂತು ಅತ್ತೆ ಮೊಟ್ಟಮೊದಲ ಬಾರಿ ಸಮುದ್ರವನ್ನು ನೋಡಿದರು. ಹೊಲ ಅಳೆಯುವವರಂತೆ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದರು. ಕೊನೆಗೆ ನಿಟ್ಟುಸಿರು ಬಿಟ್ಟರು.

"ಏ ಭಾವೂ, ಇಷ್ಟ ನೀರಿದ್ರ ಎಷ್ಟ ಎಕರೆ ಕಬ್ಬ ಆಗ್ತಿತ್ತೋ!"

"ಅವ್ವಾ, ಇದು ಉಪ್ಪನೀರ."

ಅತ್ತೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದರು. "ಥೂ! ಇಷ್ಟಕೊಂದ ನೀರ ಕೆಡಿಸಿ ಇಟ್ಟಾರ ನೋಡ!"

ಬೋಟು ಹೊರಟಿತು. ಚುಕ್ಕಾಣಿ ಹಿಡಿದು ಗಂಗಾರಾಮ, ಹಿಂದೆ ಅವನ ಮೈದುನ ವಿಠೋಬಾ. ನಡುವೆ ನಾವು ನಾಲ್ವರು, ಒಂದು ಗುಡ್ಡೆ ಬಲೆ, ಹಗ್ಗದ ಸುರುಳಿಗಳು, ಹಲಗೆಗೆ ಸಿಕ್ಕಿಸಿದ ಕಬ್ಬಿನ ಮಚ್ಚಿನಂಥ ಒಂದು ಕೊಯ್ತಾ. ಮೊದಲು ತೆಂಗಿನ ಮರಗಳು ಕಸಬರಿಗೆಯಷ್ಟಾದವು. ಆಮೇಲೆ ಕಸಬರಿಗೆಯ ಕಡ್ಡಿಯಷ್ಟಾದವು. ಆಮೇಲೆ ದಂಡೆ ಎಂಬುದು ಯಾರೋ ಸೀಸದ ಕಡ್ಡಿಯಿಂದ ಎಳೆದ ಒಂದು ಗೆರೆ. ಎರಡು ತಾಸಿನ ಮೇಲೆ ಆ ಗೆರೆಯನ್ನೂ ಯಾರೋ ಒರೆಸಿಬಿಟ್ಟರು! ಸುತ್ತಲೂ ನೀರು. ಹಸಿರಿದ್ದ ನೀರು ನೀಲಿಯಾಗಿ, ನೀಲಿಯಿದ್ದದ್ದು ಕಪ್ಪಾಯಿತು.

"ಇಲ್ಲಿ ಆಳ ಎಷ್ಟೈತಿ ಗಂಗಾರಾಮ ದಾದಾ?" ಎಂದು ಕೇಳಿದೆ. ಕೇಳಬಾರದಿತ್ತು.

ಅವನು ಆರಾಮವಾಗಿ ಬೀಡಿ ಹಚ್ಚುತ್ತ, "ನಿಮ್ಮೂರ ನೀರಿನ ಟಾಕಿ ಮೂರು ಒಂದರ ಮ್ಯಾಲೊಂದ ಇಟ್ರ ಮುಳಗತಾವ್ರಿ ವಹಿನೀ. ಘಾಬರೂ ನಕಾ!" ಎಂದ.

ಗಾಬರಿಯಾಗಬೇಡ ಎನ್ನುವುದಕ್ಕೆ ಇದಕ್ಕಿಂತ ಭಯಂಕರ ವಿಧಾನವನ್ನು ನಾನು ಕಂಡಿಲ್ಲ! ಪದ್ಮಿ ಬೋಟಿನ ಅಂಚು ಹಿಡಿದು ಬಗ್ಗಿ ಬಗ್ಗಿ ನೋಡುತ್ತಿದ್ದಳು. "ಬ್ಯಾ..." ಎಂಬ ಅಕ್ಷರ ನಾಲಿಗೆಯ ತುದಿಗೆ ಬಂತು. ನಮ್ಮವರು ಹುಬ್ಬೇರಿಸಿ ನೋಡಿದರು. "ಬ್ಯಾ... ಬ್ಯಾಟರಿ ತಂದೀರೇನ್ರಿ?" ಎಂದು ಕೇಳಿ ಮಾನ ಉಳಿಸಿಕೊಂಡೆ.

ಆಗ ನಮ್ಮವರು ಕಿವಿ ನಿಮಿರಿಸಿದರು. ನನಗೆ ಆ ಕಿವಿ ಗೊತ್ತು!

"ಗಂಗಾರಾಮ, ಇಂಜಿನ್ ಸಣ್ಣಂಗ ಕೆಮ್ಮಾಕತ್ತೈತಿ. ಬಂದ್ ಮಾಡ, ಫಿಲ್ಟರ್ ಬಿಚ್ಚಿ ನೋಡೂಣು."

"ರೀ! ನಡು ಸಮುದ್ರದಾಗ? ಚಾಲೂ ಇದ್ದದ್ದನ್ನ?"

"ಕೆಮ್ಮು ಇದ್ದಾಗ ತೋರಿಸ್ಕೋಬೇಕ ಅಂತ ನೀನ ಹೇಳ್ತಿ ಅಲ್ಲ?"

ಇಂಜಿನ್ ನಿಂತಿತು. ಅಬ್ಬಾ, ಆ ಮೌನ! ಬೋಟು ಅಲೆಯ ಮೇಲೆ ಏರುವುದು, ಇಳಿಯುವುದು, ಪಕ್ಕಕ್ಕೆ ವಾಲುವುದು. ನೀರು ಹಲಗೆಗೆ 'ಲೊಳಕ್, ಲೊಳಕ್' ಎಂದು ಬಡಿಯುವುದು. ನಮ್ಮವರು ಒಂದೊಂದೇ ನಟ್ಟು ಬಿಚ್ಚಿ ನೆಲದ ಮೇಲಿಟ್ಟರು. ಅವು ಅತ್ತ ಒಮ್ಮೆ ಇತ್ತ ಒಮ್ಮೆ ಉರುಳಿದವು. ನನ್ನ ಸಂಸಾರವೇ ಹಾಗೆ ಉರುಳುತ್ತಿದ್ದಂತೆ ಕಂಡಿತು. ಪದ್ಮಿ ಕುಣಿಯುತ್ತ ಅಂಚಿನಿಂದ ಅಂಚಿಗೆ ಓಡಿದಳು. ಒಮ್ಮೆ ಜಾರಿದಳು.

ಇನ್ನು ತಡೆಯಲಾರದೆ ಹೋದೆ. 'ಬೇಡ' ಎನ್ನುವುದಿಲ್ಲ ಎಂದು ಶಪಥ ಮಾಡಿದ್ದು ನಿಜ. ಕಟ್ಟುವುದಿಲ್ಲ ಎಂದು ಎಲ್ಲಿ ಹೇಳಿದ್ದೆ? ಕಾಲ ಬಳಿ ಒಂದು ಹಗ್ಗದ ಸುರುಳಿ ಬಿದ್ದಿತ್ತು, ಅದರ ತುದಿ ಸಡಿಲಾಗಿತ್ತು. ಇನ್ನೊಂದು ತುದಿ ಬೋಟಿಗೇ ಬಿಗಿದಿರುತ್ತದೆ ಎಂದು ನನ್ನ ಧಾರವಾಡದ ವಿದ್ಯಾಭ್ಯಾಸ ನಿರ್ಣಯಿಸಿತು. ಮಗಳನ್ನು ಎಳೆದು ಕೂರಿಸಿ, ಸೊಂಟಕ್ಕೆ ಟಾವೆಲ್ ಸುತ್ತಿ, ಅದರ ಮೇಲೆ ಹಗ್ಗ ಸುತ್ತಿ ಗಂಟು ಹಾಕಿದೆ. ಒಂದಲ್ಲ, ಏಳು! ಒಂದೊಂದು ಗಂಟನ್ನೂ ನೀರಲ್ಲಿ ತೋಯಿಸಿ ಬಿಗಿದೆ. ಒದ್ದೆಯಾದರೆ ಗಂಟು ಕಲ್ಲಾಗುತ್ತದೆ ಎಂದು ಎಲ್ಲಿಯೋ ಓದಿದ್ದೆ.

"ಮಮ್ಮಿ, ಇದನ್ನ ಬಿಚ್ಚ."

"ಇದು ಆಟಾ ಪುಟ್ಟಿ. ಸುಮ್ನ ಕುಂಡ್ರೂ ಆಟಾ."

ಎಷ್ಟು ದಿನಗಳ ಮೇಲೆ ನನ್ನ ಎದೆಯ ಬಡಿತ ತಹಬಂದಿಗೆ ಬಂತು! ಇನ್ನು ಬಿರುಗಾಳಿ ಬರಲಿ, ತಿಮಿಂಗಿಲ ಬರಲಿ, ನನ್ನ ಮಗಳನ್ನು ಯಾರೂ ಅಲುಗಿಸಲಾರರು!

ಬೋಟು ನಿಂತದ್ದನ್ನು ಕಂಡು ಅತ್ತೆ ಡಬ್ಬಿ ತೆಗೆದರು. ಒಂದು ಉಂಡೆ, ಎರಡು ಉಂಡೆ... ನೀರು ಮಿಣುಕಿತು. ಹತ್ತು ಉಂಡೆಗೆ ನೀರು ಕುದಿಯತೊಡಗಿತು. ಎಲ್ಲಿಂದ ಬಂದವೋ! ಬೆಳ್ಳಿಯ ಗುಂಡಿಗಳನ್ನು ಯಾರೋ ಸೇರುಗಟ್ಟಲೆ ಸುರಿದಂತೆ ಸಾವಿರ ಸಾವಿರ ಮೀನು! ಅತ್ತೆಯ ಮುಖದಲ್ಲಿ ಅಂಥ ಸಂತೋಷವನ್ನು ನಾನು ನನ್ನ ಮದುವೆಯ ದಿನವೂ ನೋಡಿರಲಿಲ್ಲ.

"ತಿನ್ರಿ ನನ್ನಪ್ಪಗೋಳ್ರ್ಯಾ, ತಿನ್ರಿ! ಎಷ್ಟ ದಿನದ ಹಸಿವೋ ಏನೋ!"

ಇತ್ತ ಗಂಗಾರಾಮ ನೀರನ್ನು ನೋಡಿದ. ಅತ್ತೆಯನ್ನು ನೋಡಿದ. ಮತ್ತೆ ನೀರನ್ನು ನೋಡಿದ. ಅವನ ಕೈಯ ಬೀಡಿ ಕೆಳಗೆ ಬಿತ್ತು. ಸಂನ್ಯಾಸ ತೆಗೆದುಕೊಂಡವನ ಮುಂದೆ ಹೋಳಿಗೆಯ ಬುಟ್ಟಿ ಇಟ್ಟ ಹಾಗೆ! ಅದೇ ಗಳಿಗೆಯಲ್ಲಿ ನಮ್ಮವರು, "ಆತ ನೋಡ! ಈಗ ಹೊಡಿ!" ಎಂದರು. ಅವರು ಹೇಳಿದ್ದು ಇಂಜಿನ್ನಿಗೆ. ಗಂಗಾರಾಮನಿಗೆ ಪತ್ರ, ಮಾತು, ವಚನ ಎಲ್ಲಾ ಮರೆತುಹೋಯಿತು. ಇಂಜಿನ್ ಹೊಡೆದು ಬೋಟು ತಿರುಗಿಸಿ ಕೂಗಿದ:

"ವಿಠೋಬಾ! ಜಾಳೀ ಟಾಕ!"

ಬಲೆ ಹಾಕು ಎಂದಿದ್ದು. ವಿಠೋಬಾನ ಕೈ ಮಾತಿಗಿಂತ ಮುಂದಿತ್ತು. ಗುಡ್ಡೆಯಾಗಿದ್ದ ಬಲೆ ಜರ್ರೆಂದು ನೀರಿಗಿಳಿಯಿತು.

"ಏ! ಏ! ಏನ ಮಾಡಾಕತ್ತೀರಿ!" ಅತ್ತೆ ಚೀರಿದರು. "ನಾ ಉಣ್ಣಾಕ ಕರದೀನಿ, ನೀವ ಕೊಲ್ಲಾಕತ್ತೀರಿ! ಭಾವೂ! ನಿಲ್ಲಸ್ಲೇ!"

ನಾನು ಮಾತ್ರ ನಿಶ್ಚಿಂತೆಯಿಂದ ನೋಡುತ್ತಿದ್ದೆ. ಬಲೆ ಮುಗಿದು, ಅದರ ಹಿಂದೆ ಒಂದು ಹಗ್ಗ ಓಡತೊಡಗಿತ್ತು. ಸುರುಳಿ ಒಂದೊಂದೇ ಸುತ್ತು ಬಿಚ್ಚುತ್ತಿತ್ತು. ಮೊದಲು ಹಾವು ಹುತ್ತಕ್ಕೆ ಹೋಗುವಂತೆ ನಿಧಾನ, ಆಮೇಲೆ ಸರಸರ. 'ಅಯ್ಯೋ, ಯಾರದೋ ಹಗ್ಗ ನೀರುಪಾಲಾಗುತ್ತಿದೆ' ಎಂದು ಮರುಗಿದೆ. ಹತ್ತು ಸುತ್ತು ಉಳಿಯಿತು. ಆರು ಉಳಿಯಿತು. ನಾಲ್ಕು ಉಳಿದಾಗ ನನ್ನ ಕಣ್ಣು ಹಗ್ಗದ ಈ ತುದಿಯನ್ನು ಹುಡುಕಿಕೊಂಡು ಬಂತು.

ಈ ತುದಿಯಲ್ಲಿ ನನ್ನ ಮಗಳಿದ್ದಳು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಗಂಗಾರಾಮ ತಿರುಗಿ ನೋಡಿ, "ದೋರೀ! ಪೋರೀಲಾ ದೋರೀ ಕುಣೀ ಬಾಂಧಲೀ?" ಎಂದು, ಹುಡುಗಿಗೆ ಹಗ್ಗ ಕಟ್ಟಿದವರು ಯಾರೆಂದು ಚೀರಿ ಇಂಜಿನ್ನಿನ ಮೇಲೆ ಬಿದ್ದ. ಇಂಜಿನ್ ನಿಂತರೂ ಬೋಟು ನಿಲ್ಲಲಿಲ್ಲ. ನಮ್ಮವರು ಹಾರಿ ಪದ್ಮಿಯ ಕಂಕುಳಿಗೆ ಕೈ ಹಾಕಿದರು. ಹಗ್ಗ ಬಿಗಿಯಿತು. ಇಬ್ಬರೂ ಹಲಗೆಯ ಮೇಲೆ ಜಾರುತ್ತ ಅಂಚಿಗೆ ಬಂದರು. ನಮ್ಮವರು ಎರಡೂ ಕಾಲನ್ನು ಅಂಚಿಗೆ ಒತ್ತಿ ತಡೆದರು.

"ಗಂಟ ಬಿಚ್ಚ! ಲಗೂನ ಬಿಚ್ಚ!"

ನಾನು ಉಗುರಿನಿಂದ ಎಳೆದೆ, ಹಲ್ಲಿನಿಂದ ಕಚ್ಚಿದೆ. ಒಂದೂ ಅಲುಗಲಿಲ್ಲ. ಓದಿದ್ದು ಸುಳ್ಳಾಗಿರಲಿಲ್ಲ, ಗಂಟು ಕಲ್ಲಾಗಿತ್ತು! ಪದ್ಮಿ "ಮಮ್ಮೀ, ನೋಯ್ತೈತಿ," ಎಂದು ಅಳುತ್ತಿದ್ದಳು. ಅವಳ ಒಂದು ಕಾಲು ಆಗಲೇ ಅಂಚಿನ ಆಚೆ ಇತ್ತು. ಕೆಳಗೆ ಆ ಕಪ್ಪು ನೀರು.

"ಸರಿ ಅತ್ತಾಗ!"

ಅತ್ತೆ! ಹಲಗೆಗೆ ಸಿಕ್ಕಿಸಿದ್ದ ಕೊಯ್ತಾ ಅವರ ಕೈಯಲ್ಲಿತ್ತು. ನಲವತ್ತು ವರ್ಷ ಕಬ್ಬು ಕಡಿದ ಕೈ. ಎಡಗೈಯಲ್ಲಿ ಹಗ್ಗ ಹಿಡಿದು, ಸೊಂಟ ಬಗ್ಗಿಸಿ, ಕಬ್ಬಿನ ಬುಡಕ್ಕೆ ಹಾಕಿದಂತೆ ಒಂದೇ ಏಟು. ಕಚಕ್!

ಹಗ್ಗ ಚಾಟಿಯಂತೆ ಹಾರಿ ನೀರಿಗೆ ಹೋಯಿತು. ನಮ್ಮವರು ಮಗಳನ್ನು ಎದೆಗೆ ಅವಚಿಕೊಂಡೇ ಹಿಂದಕ್ಕೆ ಅಂಗಾತ ಬಿದ್ದರು. ಎಲ್ಲ ಸೇರಿ ಹತ್ತು ಸೆಕೆಂಡು ಇರಬಹುದು. ನನ್ನ ಆಯುಷ್ಯದಲ್ಲಿ ಹತ್ತು ವರ್ಷ.

ಬಲೆ ಹಿಡಿಯುವವರಿಲ್ಲದೆ ಸಡಿಲಾಗಿ, ಮೀನುಗಳು ಬಂದ ಹಾಗೆಯೇ ಹೊರಟುಹೋದವು. ವಿಠೋಬಾ ಮೇಲೆ ತೇಲುತ್ತಿದ್ದ ಬೆಂಡುಗಳಿಗೆ ಕೊಕ್ಕೆ ಹಾಕಿ ಬಲೆ ಎಳೆದುಕೊಂಡ, ಪೂರಾ ಖಾಲಿ. ಗಂಗಾರಾಮ ಅತ್ತೆಯ ಕಾಲ ಬಳಿ ಕುಳಿತು, "ಚುಕಲೋ ಆಯೀ, ತಪ್ಪಾತ್ರಿ. ಮಾತು ಕೊಟ್ಟ ಮುರದ್ನಿ," ಎಂದ.

ಅತ್ತೆ ಕೊಯ್ತಾ ಅವನ ಕೈಗಿಟ್ಟರು. "ನಿನ್ನ ಕೆಲಸ ನೀ ಮಾಡಿದಿ. ನಾನೂ ಹಿಟ್ಟ ಹಾಕಿ ಕರಿಬಾರದಿತ್ತು. ಆದ್ರ ಕೊಯ್ತಾಕ್ಕ ಧಾರ ಭಾಳ ಚಲೋ ಇಟ್ಟೀ ನೋಡಪ."

ನಾನು ಮಗಳ ಸೊಂಟದ ಕೆಂಪು ಗೆರೆಗೆ ವಿಕ್ಸು ಹಚ್ಚಲು ಹೋದೆ. ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. "ಪುಟ್ಟೀ, ಸಮುದ್ರ ನೋಡಿ ಭಾಳ ಅಂಜಿದೇನ?"

ಪದ್ಮಿ ಅಜ್ಜಿಯ ಮಡಿಲಿಗೆ ಸರಿದಳು. "ಸಮುದ್ರಕ್ಕ ಇಲ್ಲ. ನಿನಗ."

ಏಟು ಸರಿಯಾದ ಜಾಗಕ್ಕೇ ಬಿತ್ತು. ಆದರೂ ಈ ಕೈ ನೋಡಿ! ಬೋಟು ದಂಡೆಯ ಕಡೆ ತಿರುಗಿ, ದೊಡ್ಡ ಅಲೆಯೊಂದು ಎತ್ತಿ ಕುಕ್ಕಿತೋ ಇಲ್ಲವೋ, ನನಗೇ ತಿಳಿಯದೆ ಸೆರಗಿನ ತುದಿ ಹಿಡಿದು ಮಗಳ ಕಡೆ ಸರಿಯುತ್ತಿದ್ದೆ.

"ಅಜ್ಜೀ! ಮತ್ತ ಬಂದ್ಲು!" ಪದ್ಮಿ ಚೀರಿದಳು. "ಮಮ್ಮೀನ್ನ ಕಟ್ಟಿ ಹಾಕ್ರಿ!"

ಎಲ್ಲರೂ ನಕ್ಕರು, ವಿಠೋಬಾ ಕೂಡ. ಆದರೆ ಅತ್ತೆ ನಗುತ್ತಲೇ ಎದ್ದು ಬಂದರು, ನನ್ನ ಸೆರಗಿನ ತುದಿಯನ್ನು ಬೋಟಿನ ಕಂಬಕ್ಕೆ ಸುತ್ತಿ, ಎಮ್ಮೆ ಕಟ್ಟುವಾಗ ಹಾಕುವ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿದರು.

"ಕುಂಡ್ರ ಯವ್ವಾ ಸುಮ್ನ. ಕೂಸಿನ್ನ ನಾ ನೋಡ್ತೀನಿ."

ಮಾಲವಣದ ದಂಡೆ ಬರುವವರೆಗೆ ನಾನು ಕಂಬಕ್ಕೊರಗಿ ಕುಳಿತಿದ್ದೆ. ಮಗಳು ಅಂಚು ಹಿಡಿದು ನಿಂತಿದ್ದಳು, ಅಜ್ಜಿ ಅವಳ ಲಂಗದ ಹಿಂಬದಿ ಹಿಡಿದಿದ್ದರು. ನಿಮ್ಮೆದುರು ಮುಚ್ಚಿಡುವುದೇನು? ಮಗಳು ಹುಟ್ಟಿದ ಐದು ವರ್ಷಗಳಲ್ಲಿ ನನಗೆ ಒಂದಿಷ್ಟೂ ಹೆದರಿಕೆಯಾಗದೆ ಕಳೆದದ್ದು ಆ ಎರಡು ತಾಸು ಮಾತ್ರ!