ಮೊದಲ ಪಾಳಿ ಮುದ್ದೇಬಿಹಾಳದ್ದು

ಬಾಯೊಳಗೆ ಬಿಸಿ ಮಿರ್ಚಿ ಭಜಿ ಇರುವಾಗ ಯಾರು ಏನೇ ಕೇಳಲಿ, ತಲೆ ಅಲ್ಲಾಡಿಸಬಾರದು. ಈ ಸತ್ಯ ಶಂಕರೆಪ್ಪನಿಗೆ ಹೊಳೆಯುವಷ್ಟರಲ್ಲಿ ಮುದ್ದೇಬಿಹಾಳದ ಫುಟ್ಬಾಲ್ ಭವಿಷ್ಯ ಇಂಡಿ ತಾಲ್ಲೂಕಿನ ಪಾಲಾಗಿ ಹೋಗಿತ್ತು.

ಶಂಕರೆಪ್ಪನದು ಮಾರುಕಟ್ಟೆ ಯಾರ್ಡಿನ ಎದುರು ಬೀಜ-ಗೊಬ್ಬರದ ಅಂಗಡಿ. ಆದರೆ ಊರಿಗೆಲ್ಲ ಅವನು ಹೆಣ್ಣುಮಕ್ಕಳ ಫುಟ್ಬಾಲ್ ತಂಡದ ಸೆಕ್ರೆಟರಿ ಎಂದೇ ಪರಿಚಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕು ಸೇರಿ ಲೀಗ್ ಶುರು ಮಾಡಿದಾಗಿನಿಂದ ಊರಿನವರ ಬಾಯಲ್ಲಿ ಮಳೆ-ಬೆಳೆಯ ಮಾತು ಕಡಿಮೆಯಾಗಿ ಪಾಳಿಯ ಮಾತು ಹೆಚ್ಚಾಗಿತ್ತು. ಹೋದ ವರ್ಷ ಕೊನೆಗೆ ಬಂದ ತಂಡಕ್ಕೆ ಹೊಸ ಆಟಗಾರ್ತಿಯರನ್ನು ಆರಿಸುವ ಮೊದಲ ಪಾಳಿ. ಬೇಕೆನಿಸಿದರೆ ಆ ಪಾಳಿಯನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಏನಾದರೂ ಪಡೆಯಲೂಬಹುದು. ಮುದ್ದೇಬಿಹಾಳ ಹೋದ ವರ್ಷ ಕೊನೆಗೆ ಬಂದಿತ್ತು. ಎಷ್ಟು ಶ್ರದ್ಧೆಯಿಂದ ಬಂದಿತ್ತೆಂದರೆ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಹೀಗಾಗಿ ಈ ಸಲ ಮೊದಲ ಪಾಳಿ ಮುದ್ದೇಬಿಹಾಳದ್ದು. ಆಯ್ಕೆ ಅಂದೇ ಸಂಜೆ ಬಾಗೇವಾಡಿಯಲ್ಲಿ.

ಮುಂಜಾನೆ ಅಬ್ದುಲಗನಿಯ ಚಹಾದಂಗಡಿಯಲ್ಲಿ ಜನ ಎರಡು ಪಕ್ಷವಾಗಿದ್ದರು. ಒಂದರ ಮುಂದಾಳು ಅಬ್ದುಲಗನಿ.

"ಈ ಸಲದ ಹೊಸಬರೊಳಗ ಯಂಕಂಚಿ ಊರಿನ ಅಫ್ರೀನ!" ಅವನು ಚಹಾ ಸೋಸುವ ಜಾಲರಿಯನ್ನು ಗಾಳಿಯಲ್ಲಿ ಬೀಸಿದ. "ಆಕಿ ಎಡಗಾಲು ನೋಡೀರೇನು? ಚೆಂಡು ಹೊಡದ್ರ ಗೋಲ್‌ಕೀಪರ ಚೆಂಡು ಹಿಡಿಯೂದ ಬಿಟ್ಟು ತನ್ನ ಜೀವ ಹಿಡಕೊಂಡು ಓಡತಾಳ. ಮೊದಲ ಪಾಳಿ, ಅಫ್ರೀನ, ಮಾತು ಮುಗೀತು!"

ಇನ್ನೊಂದು ಪಕ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಸಂಗಮೇಶ ಸರ್ ಅವರದು.

"ಗನಿಭಾಯ್, ಒಂದ ಎಡಗಾಲು ನೆಚ್ಚಿ ಕುಂತ್ರ ಉಳಿದ ಹತ್ತು ಮಂದಿ ಬಲಗಾಲು ಎಲ್ಲಿಡಬೇಕು? ನಮಗ ಗೋಲು ಹೊಡಿಯೂ ರೋಗ ಅಲ್ಲ, ಗೋಲು ತಿನ್ನೂ ರೋಗ. ನಾವು ಮೊದಲ ಪಾಳಿ ಕೊಟ್ರ ಇಂಡಿಯವರು ತಮ್ಮ ಎರಡನೇ ಪಾಳಿ ಕೊಡತೀವಿ ಅಂತಾರ, ಮ್ಯಾಲ ಡಿಫೆನ್ಸಿನ ವಿಜಯಶ್ರೀನ್ನೂ ಕೊಡತೀವಿ ಅಂತಾರ. ಒಂದು ಕೊಟ್ಟು ಎರಡು ತಗೊಳ್ಳಾಕ ಇನ್ನೇನು ಪಂಚಾಂಗ ನೋಡಬೇಕ್ರಿ? ಏನಂತೀರಿ ಶಂಕರೆಪ್ಪನವರ, ಕೊಟ್ಟಬಿಡೂಣಲ್ಲ?"

ಆಗಲೇ ಶಂಕರೆಪ್ಪ ಭಜಿ ಕಚ್ಚಿದ್ದು. ಮೆಣಸಿನಕಾಯಿ ಒಳಗಿನ ಬಿಸಿ ನಾಲಿಗೆಗೆ ತಾಕಿ, ಕಣ್ಣಲ್ಲಿ ನೀರು ಬಂದು, "ಹಾ... ಹಾ..." ಎನ್ನುತ್ತ ಅವನು ತಲೆಯನ್ನು ಮೇಲೆ ಕೆಳಗೆ ಜಾಡಿಸಿದ.

"ಸೆಕ್ರೆಟರಿ ಹೂಂ ಅಂದ್ರು!" ಎಂದವರೇ ಸಂಗಮೇಶ ಸರ್ ಫೋನು ಕಿವಿಗಿಟ್ಟುಕೊಂಡು ಹೊರಗೆ ಜಿಗಿದರು. ಶಂಕರೆಪ್ಪ ನೀರು ಕುಡಿದು ಬಾಯಿಗೆ ಮಾತು ತಂದುಕೊಳ್ಳುವ ಹೊತ್ತಿಗೆ ಸರ್ ನಗುತ್ತ ಒಳಗೆ ಬಂದಿದ್ದರು. ಇಂಡಿಯ ಸೆಕ್ರೆಟರಿ ಸಿದ್ದಾರೂಢ ಒಪ್ಪಿಯೂ ಆಗಿತ್ತು, ಲೀಗಿನವರಿಗೆ ತಿಳಿಸಿಯೂ ಆಗಿತ್ತು.

ಶಂಕರೆಪ್ಪ ಉಳಿದ ಅರ್ಧ ಭಜಿಯನ್ನು ತಟ್ಟೆಗೆ ಕುಕ್ಕಿದ. ಯಾಕೆಂದರೆ ಊರಿನಲ್ಲಿ ಅಫ್ರೀನಳ ಎಡಗಾಲಿನ ಅತಿ ದೊಡ್ಡ ಭಕ್ತ ಅಬ್ದುಲಗನಿಯಲ್ಲ, ಶಂಕರೆಪ್ಪ. ಸಿಂದಗಿಯ ಮೈದಾನದಲ್ಲಿ ಅವಳು ಹೊಡೆದ ಒಂದು ಗೋಲಿನ ವಿಡಿಯೋವನ್ನು ಅವನು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ನೋಡುತ್ತಿದ್ದ.

"ನಾ ಹೂಂ ಅಂದಿಲ್ರೀ! ಬಾಯಿ ಸುಟ್ಟಿತ್ತು!"

"ನಿಮ್ಮ ಬಾಯಿ ಸುಡ್ತು, ನಮ್ಮ ಹೊಟ್ಟಿ ಸುಡಾಕತ್ತೇತಿ," ಎಂದ ಅಬ್ದುಲಗನಿ ಅಂಗಡಿಯನ್ನು ಹೆಂಡತಿ ಜೋಹರಾಬಿಗೆ ಒಪ್ಪಿಸಿ ಏಪ್ರನ್ ಬಿಚ್ಚಿದ. "ನಡೀರಿ ಬಾಗೇವಾಡಿಗೆ. ಆ ಪಾಳಿ ತಿರುಗಿ ತರಲಿಕ್ಕ ಬೇಕು."

ಅಂಗಿ ಬದಲಿಸಲು ಶಂಕರೆಪ್ಪ ಮನೆಗೆ ಓಡಿದ. ದಾರಿಯುದ್ದಕ್ಕೂ ಜನ. ಕಟಿಂಗ್ ಅಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ನೊರೆ ಸಮೇತ ಹೊರಬಂದು, "ಅಫ್ರೀನನ್ನ ಮಾರಿದ್ರಂತ?" ಎಂದ. ಶಂಕರೆಪ್ಪನ ಅಂಗಡಿಯ ಮುಂದೆ ಬೀಜಕ್ಕೆ ಕಾಯುತ್ತಿದ್ದ ಗಿರಾಕಿ, "ಅಫ್ರೀನನ್ನ ಬಿಟ್ಟವರ ಅಂಗಡ್ಯಾಗ ಬೀಜ ಒಯ್ದ್ರ ಮೊಳಕಿ ಒಡೀತಾವನ್ರಿ?" ಎಂದು ಬರಿಗೈಯಲ್ಲಿ ತಿರುಗಿದ.

ಮನೆಯಲ್ಲಿ ಮಗಳು ಭಾಗ್ಯಜ್ಯೋತಿ ಬೂಟಿನ ಕೆಸರು ಕೆರೆಯುತ್ತ ಕೂತಿದ್ದಳು. ಅವಳು ಅದೇ ತಂಡದ ಎರಡನೆಯ ಗೋಲ್‌ಕೀಪರ್. ಎರಡನೆಯವಳೆಂದರೆ, ಮೊದಲನೆಯವಳಾದ ಹುಮಾಗೆ ನೀರಿನ ಬಾಟಲಿ ಕೊಡುವವಳು.

"ಅಪ್ಪಾ, ಈ ವರ್ಷರ ನನಗ ಆಡಾಕ ಬಿಡತಿ?"

"ಮತ್ತ ಅದನ್ನ ಕೇಳತಿಯಲ್ಲವಾ! ಸೆಕ್ರೆಟರಿ ತನ್ನ ಮಗಳನ್ನ ಆಡಿಸಿದ ಅಂತ ಮಂದಿ ಆಡಿಕೊಳ್ಳೂದಿಲ್ಲ? ಬರೂ ವರ್ಷ ನೋಡೂಣು."

"ಹೋದ ವರ್ಷಾನೂ ಇದ ಅಂದಿದ್ದಿ."

"ಈಗ ಊರ ಮರ್ಯಾದಿ ಪ್ರಶ್ನೆ ಐತಿ!" ಎಂದ ಶಂಕರೆಪ್ಪ ಅಂಗಿಯ ಗುಂಡಿಯನ್ನು ಮೇಲೆ-ಕೆಳಗೆ ಹಾಕಿಕೊಂಡು ಹೊರಬಿದ್ದ. ಹೆಂಡತಿ ರಾಜೇಶ್ವರಿ ಒಳಗಿನಿಂದ ಕೂಗಿದಳು: "ಊರ ಮರ್ಯಾದಿ ಉಳಿಸವ್ರು ಮೊದಲ ಗುಂಡಿ ಸರಿ ಹಾಕ್ಕೊಳ್ರಿ!"

ಬಸ್ಸಿನಲ್ಲಿ ಶಂಕರೆಪ್ಪನ ಒಂದು ಬದಿಗೆ ಅಬ್ದುಲಗನಿ, ಇನ್ನೊಂದು ಬದಿಗೆ ಸಂಗಮೇಶ ಸರ್. ನಡುವೆ ಅವನು ರೊಟ್ಟಿಯೊಳಗಿನ ಚಟ್ನಿಯಂತಿದ್ದ. ಸರ್ ಪೇಪರು ಹಾಸಿ ಅದರ ಮೇಲೆ ಹುರಿದ ಶೇಂಗಾ ಜೋಡಿಸಿ ತಂಡ ಕಟ್ಟಿ ತೋರಿಸತೊಡಗಿದರು.

"ಇಲ್ಲಿ ವಿಜಯಶ್ರೀ, ಕ್ವಾಟಿ ಗ್ವಾಡಿ ಇದ್ದಂಗ. ಈಕಡಿ ಎರಡನೇ ಪಾಳಿಯವಳು. ಇನ್ನ ಹೆಂಗ ಗೋಲು ಹೊಡೀತಾರ ಹೊಡೀಲಿ!"

ಅಬ್ದುಲಗನಿ ಎಲ್ಲಕ್ಕಿಂತ ದಪ್ಪ ಶೇಂಗಾ ಆರಿಸಿ ಎದುರಿಗಿಟ್ಟ. "ಈಕಿ ಅಫ್ರೀನ. ನಿಮ್ಮ ಕ್ವಾಟಿ ಗ್ವಾಡಿ ಹಾರಿ ಬಂದಳು ನೋಡ್ರಿ!"

ಟಿಕೆಟ್ ಕೊಡುವುದನ್ನು ಬಿಟ್ಟು ಕಂಡಕ್ಟರೂ ಬಗ್ಗಿದ. "ಒಂದು ಶೇಂಗಾ ಮಿಡ್‌ಫೀಲ್ಡಿಗೆ ಹಾಕ್ರಿ. ನಡುವು ಖಾಲಿ ಬಿಟ್ರ ಹೆಂಗ?" ಹಿಂದಿನ ಸೀಟಿನವರು ಎದ್ದು ನಿಂತರು. ಅರ್ಧ ಬಸ್ಸು "ಅಫ್ರೀನ ಬೇಕು" ಎಂದಿತು, ಅರ್ಧ "ಒಂದಕ್ಕೆರಡು ಛಲೋ" ಎಂದಿತು. ಯಾರ ಕಡೆಗೂ ಸೇರದೆ ಉಳಿದವಳು ಎದುರು ಸೀಟಿನ ಲಕ್ಕವ್ವ ಎಂಬ ಮುದುಕಿಯೊಬ್ಬಳೇ. ಅವಳು ಎಲ್ಲರೂ ಕೂಗಾಡುವುದನ್ನು ನೋಡುತ್ತ ನೋಡುತ್ತ ಕೈ ಚಾಚಿ ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು.

"ಅಯ್ಯಯ್ಯೋ!" ಅಬ್ದುಲಗನಿ ಚೀರಿದ. "ಅಮ್ಮಾ, ಅಫ್ರೀನನ್ನ ತಿಂದಬಿಟ್ಟೆಲ್ಲ!"

"ಯಾರನ್ನೂ ತಿಂದಿಲ್ಲೋ ಯಪ್ಪಾ, ಶೇಂಗಾ ತಿಂದೆ," ಎಂದು ಲಕ್ಕವ್ವ ಗಾಬರಿಯಾಗಿ ಇನ್ನೊಂದನ್ನು, ಅಂದರೆ ವಿಜಯಶ್ರೀಯನ್ನು, ಕೈಯಿಂದ ಕೆಳಗಿಟ್ಟಳು. ಅಷ್ಟರಲ್ಲಿ ಬಸ್ಸು ತಗ್ಗಿಗೆ ಬಿದ್ದು ಎದ್ದಿತು. ಎರಡೂ ತಂಡಗಳು ಸೀಟಿನ ಕೆಳಗೆ ಚೆಲ್ಲಾಪಿಲ್ಲಿಯಾದವು.

ಬಾಗೇವಾಡಿಯಲ್ಲಿ ಆಯ್ಕೆಗೆ ಸಿಕ್ಕಿದ್ದು ಒಂದು ಕಲ್ಯಾಣ ಮಂಟಪ. ಹಿಂದಿನ ದಿನದ ಮದುವೆಯ ಹೂವು ಇನ್ನೂ ಬಾಡಿರಲಿಲ್ಲ. ಕುರ್ಚಿ ಸಾಲದೆ, ಮದುಮಕ್ಕಳು ಕೂಡುವ ಕೆಂಪು ಮಖಮಲ್ಲಿನ ಜೋಡಿ ಸಿಂಹಾಸನದಲ್ಲಿ ಮುದ್ದೇಬಿಹಾಳ ಮತ್ತು ಇಂಡಿಯ ಸೆಕ್ರೆಟರಿಗಳನ್ನು ಕೂಡಿಸಿದ್ದರು. ದೊಡ್ಡ ಮೀಸೆಯ ಸಿದ್ದಾರೂಢನ ಪಕ್ಕದಲ್ಲಿ ಶಂಕರೆಪ್ಪ ತಲೆ ತಗ್ಗಿಸಿ ಕೂತದ್ದನ್ನು ನೋಡಿ ಸಿಂದಗಿಯವರ ಗುಂಪಿನಿಂದ ಯಾರೋ, "ಮದುಮಗಳು ಭಾಳ ನಾಚಾಕತ್ತಾಳ!" ಎಂದು ಕೂಗಿದರು.

"ಸಿದ್ದಾರೂಢಣ್ಣ," ಶಂಕರೆಪ್ಪ ಪಿಸುಗುಟ್ಟಿದ, "ಆ ಮಾತು ವಾಪಸ್ ತಗೊಳ್ಳೂಣೇನು? ನಾ ಭಜಿ ತಿನ್ನಾಕತ್ತಿದ್ದೆ."

"ಭಜಿ ತಿನ್ನಾಕತ್ತಿದ್ರೋ ಹೋಳಿಗಿ ತಿನ್ನಾಕತ್ತಿದ್ರೋ, ನನಗೇನ್ರಿ? ಮಾತಂದ್ರ ಮಾತು."

ಶಂಕರೆಪ್ಪ ಅಂಗಲಾಚಿದ. ಊರಿಗೆ ಕಾಲಿಡಲಾರೆ ಎಂದ. ಗಿರಾಕಿ ಬೀಜ ಒಯ್ಯುತ್ತಿಲ್ಲ ಎಂದ. ಸಿದ್ದಾರೂಢ ಮೀಸೆ ತಿರುವುತ್ತ ಕೇಳಿದ, ಕೇಳಿದ, ಆಮೇಲೆ ಏನೋ ನೆನಪಾದವನಂತೆ ಎದ್ದು ಫೋನು ಹಿಡಿದು ಹೊರಗೆ ಹೋದ. ತಿರುಗಿ ಬಂದಾಗ ಅವನ ಮುಖ ಬೇರೆಯೇ ಆಗಿತ್ತು.

"ಆತ್ರಿ. ನೀವು ಇಷ್ಟು ಹಲುಬಾಕತ್ತೀರಿ ಅಂದ ಮ್ಯಾಲ ನನಗೂ ಕನಿಕರ ಬರ್ತೇತಿ. ಮೊದಲ ಪಾಳಿ ನಿಮಗ. ಎರಡನೇ ಪಾಳಿ, ವಿಜಯಶ್ರೀ ನಮ್ಮಲ್ಲೇ ಇರಲಿ. ಬದಲಿಗೆ ನಿಮ್ಮ ತಂಡದೊಳಗ ನಾ ಕೇಳಿದ ಒಬ್ಬಾಕಿನ್ನ ಕೊಡ್ರಿ. ಮೈದಾನದಾಗ ಆಡವ್ರನ್ನ ಕೇಳೂದಿಲ್ಲ. ಬೆಂಚಿನ ಮ್ಯಾಲ ಕುಂಡ್ರವ್ರೊಳಗ ಒಬ್ಬಾಕಿ."

ಶಂಕರೆಪ್ಪನಿಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಅಫ್ರೀನಳ ಎಡಗಾಲು ಒಂದು ಕಡೆ, ಬೆಂಚು ಇನ್ನೊಂದು ಕಡೆ!

"ಬೆಂಚಿನ ಮ್ಯಾಲಿನವ್ರಾ? ಅಣ್ಣಾ, ಬೆಂಚ್ ಸಮೇತ ಒಯ್ರಿ!" ಎಂದು ಸಿದ್ದಾರೂಢನ ಎರಡೂ ಕೈ ಹಿಡಿದು ಕುಲುಕಿದ. ಲೀಗಿನ ಅಧ್ಯಕ್ಷರ ಮುಂದೆ ಒಪ್ಪಂದವಾಯಿತು. ಸಂಗಮೇಶ ಸರ್ ಕೂಡ, "ಇದು ಲಾಭದ ವ್ಯವಹಾರ, ಅರ್ಥಶಾಸ್ತ್ರದ ಪ್ರಕಾರ ಒಪ್ಪಬೇಕಾಗ್ತೇತಿ," ಎಂದು ಪಕ್ಷ ಬದಲಿಸಿದರು.

ಮೈಕು ಕೈಗೆ ಬಂದಾಗ ಶಂಕರೆಪ್ಪ ಕೂತಲ್ಲಿಂದಲೇ ಕೂಗಿದ. "ಮೊದಲ ಪಾಳಿ, ಮುದ್ದೇಬಿಹಾಳ... ಯಂಕಂಚಿ ಅಫ್ರೀನ!"

ಮಂಟಪ ಹಾರಿಹೋಗುವಂತೆ ಸಿಳ್ಳೆ ಬಿತ್ತು. ಅಬ್ದುಲಗನಿ ಮದುವೆಯ ತಟ್ಟೆಯಲ್ಲಿ ಉಳಿದಿದ್ದ ಅಕ್ಷತೆ ಎತ್ತಿ ಶಂಕರೆಪ್ಪನ ಮೇಲೆ ಎರಚಿದ. ಮುದ್ದೇಬಿಹಾಳದವರು ಅವನನ್ನು ಸಿಂಹಾಸನ ಸಮೇತ ಎತ್ತಿದರು. ಮೇಲಿನಿಂದ ಅವನಿಗೆ ಜಗತ್ತು ಬಹಳ ಚೆಂದ ಕಂಡಿತು.

ಆಗ ಕೆಳಗಿನಿಂದ ಸಿದ್ದಾರೂಢನ ದನಿ ಮೈಕಿನಲ್ಲಿ ಕೇಳಿಸಿತು. "ಒಪ್ಪಂದದ ಪ್ರಕಾರ, ಮುದ್ದೇಬಿಹಾಳದ ಬೆಂಚಿನಿಂದ ಇಂಡಿ ತಂಡಕ್ಕ... ಗೋಲ್‌ಕೀಪರ್ ಭಾಗ್ಯಜ್ಯೋತಿ."

ಶಂಕರೆಪ್ಪ ಸಿಂಹಾಸನದಲ್ಲೇ ಕಲ್ಲಾದ. ಎತ್ತಿದವರು ಮೆಲ್ಲಗೆ ಕೆಳಗಿಳಿಸಿದರು.

"ಇರಲಿ ಬಿಡ್ರಿ ಶಂಕರೆಪ್ಪಣ್ಣ," ಅಬ್ದುಲಗನಿ ಸಮಾಧಾನ ಹೇಳಿದ. "ಮಗಳು ಇಂಡಿಗೆ ಹೋದ್ರೇನಾತು, ಲಂಡನ್ನಿಗೆ ಹೋಗಿಲ್ಲಲ್ಲ. ನಮಗ ಅಫ್ರೀನ ಸಿಕ್ಕಳು!"

ಅಷ್ಟರಲ್ಲಿ, ತನ್ನ ಹೆಸರಿಗೆ ಬಿದ್ದ ಸಿಳ್ಳೆಯಲ್ಲಿ ಮುಂದಿನ ಮಾತು ಕೇಳಿಸದ ಅಫ್ರೀನಳೇ ಜನರನ್ನು ಸರಿಸಿಕೊಂಡು ಬಂದಳು. ತೆಳ್ಳಗಿನ ಹುಡುಗಿ, ಮುಖದ ತುಂಬ ನಗು.

"ಕಾಕಾ, ನನಗ ಮುದ್ದೇಬಿಹಾಳಕ್ಕ ಬರಬೇಕಂತ ಭಾಳ ಆಸೆ ಇತ್ರಿ! ಖರೆ ಹೇಳ್ತೇನಿ, ನಿಮ್ಮ ಭಾಗ್ಯಜ್ಯೋತಿ ಎದುರಿಗಿದ್ರ ನನ್ನ ಆಟ ನಡೆಯೂದಿಲ್ರಿ. ಕಾಲೇಜಿನ ಟ್ರಯಲ್ಸಿನಾಗ ಎಷ್ಟು ಹೊಡದ್ರೂ ಎಲ್ಲಾ ಹಿಡದಳು. ನನ್ನ ಎಡಗಾಲು ಎತ್ತೂದ್ರಾಗ ಚೆಂಡು ಎಲ್ಲಿ ಬರ್ತೇತಿ ಅಂತ ಆಕಿಗೆ ಗೊತ್ತಾಗ್ತೇತಿ. ಇನ್ನ ಚಿಂತಿ ಇಲ್ಲ, ಇಬ್ಬರೂ ಒಂದ ತಂಡ!" ಎಂದು ಸುತ್ತ ನೋಡಿದಳು. "ಆಕಿ ಎಲ್ರಿ?"

ಸಂಗಮೇಶ ಸರ್ ಲೀಗಿನವರು ಗೋಡೆಗೆ ಅಂಟಿಸಿದ ಪಂದ್ಯಗಳ ಪಟ್ಟಿಯ ಕಡೆಗೆ ಕೈ ತೋರಿಸಿದರು. ಮೊದಲ ಪಂದ್ಯ: ಮುದ್ದೇಬಿಹಾಳ ವಿರುದ್ಧ ಇಂಡಿ.

ತಿರುಗಿ ಹೋಗುವ ಬಸ್ಸಿನಲ್ಲಿ ಶೇಂಗಾ ಯಾರೂ ಕೊಳ್ಳಲಿಲ್ಲ. ಶಂಕರೆಪ್ಪ ಮಗಳಿಗೆ ಫೋನು ಹಚ್ಚಿದ.

"ಭಾಗ್ಯಾ, ನಿನಗ ಮೊದಲ ಗೊತ್ತಿತ್ತೇನವಾ?"

"ಸಿದ್ದಾರೂಢ ಕಾಕಾ ಫೋನ್ ಮಾಡಿ, 'ನಮ್ಮಲ್ಲಿ ಬಂದ್ರ ದಿನಾ ಆಡಿಸ್ತೇವಿ, ಬರ್ತಿ ಏನು?' ಅಂದ್ರು. ನಮ್ಮಪ್ಪ ಕಳಿಸಿದ್ರ ಬರ್ತೇನಿ ಅಂದೆ. ನೀ ಬೆಂಚ್ ಸಮೇತ ಒಯ್ರಿ ಅಂದೆಂತಲ್ಲಪಾ?"

ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಲ್ಲಿದ್ದುದು, ಅವನು ಬಹಳ ದಿನಗಳಿಂದ ಕೇಳದೇ ಇದ್ದ ಹಿಗ್ಗು.

"ಅವ್ವ ಆಗಲೇ ಇಂಡಿ ಕಡಿ ಕುಂಡ್ರತೇನಿ ಅಂದಾಳ. ಮೊದಲ ಆಟದಾಗ ನೀ ಯಾರ ಕಡಿ ಅಪ್ಪಾ?"

"ಇದೇನ್ ಕೇಳತಿ? ಸೆಕ್ರೆಟರಿ ನಾನು. ಮುದ್ದೇಬಿಹಾಳ!" ಎಂದು ಶಂಕರೆಪ್ಪ ಬಸ್ಸಿಗೆಲ್ಲ ಕೇಳುವಂತೆ ಕೂಗಿದ. ಆಮೇಲೆ ಕಿಟಕಿಯ ಕಡೆ ತಿರುಗಿ, ಫೋನಿಗೆ ಕೈ ಅಡ್ಡ ಹಿಡಿದು, ಉಸಿರಿನಲ್ಲೇ ಹೇಳಿದ: "ಆದ್ರ ನೋಡವಾ... ಆ ಅಫ್ರೀನಂದು ಒಂದೂ ಗೋಲು ಒಳಗ ಬಿಡಬ್ಯಾಡ."

"ಅಪ್ಪಾ, ನನ್ನ ದನಿ ಯಾಕ ನನಗ ತಿರುಗಿ ಕೇಳಾಕತ್ತೇತಿ?"

ಶಂಕರೆಪ್ಪ ತಿರುಗಿ ನೋಡಿದ. ಭಾಗ್ಯಜ್ಯೋತಿ ಏನನ್ನುತ್ತಾಳೋ ಕೇಳುವ ತವಕಕ್ಕೆ ಅಬ್ದುಲಗನಿ ಅವನ ಫೋನಿನ ಸ್ಪೀಕರು ಒತ್ತಿದ್ದಲ್ಲದೆ, ತಂಡದ ಇಪ್ಪತ್ತು ಮಂದಿ ಅಭಿಮಾನಿಗಳ ಗ್ರೂಪಿಗೆ ಕಳಿಸಲೆಂದು ತನ್ನ ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡು ಮಾಡಿಕೊಳ್ಳುತ್ತ ಕೂತಿದ್ದ. ಸಂಗಮೇಶ ಸರ್ ಕನ್ನಡಕ ಕೆಳಗಿಳಿಸಿ ನೋಡುತ್ತಿದ್ದರು. ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟಿದ್ದ. ಸ್ಪೀಕರಿಗೆ ಕಿವಿಗೊಟ್ಟಿದ್ದ ಇಡೀ ಬಸ್ಸು, ಆ ಪಿಸುಮಾತನ್ನೂ ಬಿಡದೆ ಕೇಳಿ, ಡ್ರೈವರೊಬ್ಬನನ್ನು ಬಿಟ್ಟು, ಶಂಕರೆಪ್ಪನ ಕಡೆಗೆ ತಿರುಗಿತ್ತು.

ಮುದ್ದೇಬಿಹಾಳ ಇನ್ನೂ ಬಹಳ ದೂರವಿತ್ತು.