ಶಿದ್ಲಿಂಗಪ್ಪನ ಕಾಲಿನಲ್ಲಿದ್ದ ಆಟ

ಶಿದ್ಲಿಂಗಪ್ಪನಿಗೆ ಕುಂತರೆ ಹಾಡು ನೆನಪಾಗುತ್ತಿರಲಿಲ್ಲ. ವಾದಿರಾಜನ ಫಜೀತಿ ಶುರುವಾದದ್ದೇ ಅಲ್ಲಿಂದ.

ಧಾರವಾಡದಲ್ಲಿ ದೊಡ್ಡಾಟದ ಸಾಹಿತ್ಯದ ಮೇಲೆ ಸಂಶೋಧನೆ ನಡೆಸುತ್ತಿದ್ದ ಅವನಿಗೆ ಪ್ರೊಫೆಸರ್ ಪ್ರಾಣೇಶರಾಯರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅಬಲೂರಿನ ಮುದುಕನೊಬ್ಬನ ಬಾಯಲ್ಲಿ ಎಲ್ಲೂ ಅಚ್ಚಾಗದ ಆಟವೊಂದಿದೆ. ಸೋಮವಾರ ಅದು ತಮ್ಮ ಮೇಜಿನ ಮೇಲಿರಬೇಕು, ಇಲ್ಲವಾದರೆ ಲೆಕ್ಚರರ್ ಕೆಲಸ ಬೇರೊಬ್ಬನಿಗೆ. ಭಾನುವಾರ ಮುಂಜಾನೆ ವಾದಿರಾಜ ಅಬಲೂರಿನ ಕಟ್ಟೆಯ ಮೇಲೆ ಪೆನ್ನು ಬಿಚ್ಚಿ ಕುಂತಿದ್ದ.

“ಕಾಲು ಎದ್ರ ಹಾಡು ಏಳತಾವ್ರೀ ಸಾಹೇಬ್ರ,” ಎಂದ ಮುದುಕ ಶಿದ್ಲಿಂಗಪ್ಪ. “ನಾ ರಾಜಾ. ಎದುರಿಗೆ ರಾಣಿ ಬೇಕು. ನಮ್ಮ ರಾಣಿ ನೀಲಪ್ಪ ಹೊಲಕ್ಕ ಹೋಗ್ಯಾನ. ನೀವ ಏಳ್ರಿ.”

“ನಾ ಕುಣದ್ರ ಬರಿಯೋರು ಯಾರ್ರಿ?”

“ನಾ ಬರೀತೇನಿ,” ಎಂದು ಶಾಲೆಯ ಮಾಸ್ತರ ಮೈಲಾರಲಿಂಗಪ್ಪ ನೋಟ್‌ಬುಕ್ಕು ಕಸಿದುಕೊಂಡ. ಅವನ ಅಕ್ಷರ ಮುತ್ತು ಪೋಣಿಸಿದಂತೆ.

“ಅಜ್ಜಾರ ಬಾಯಿಂದ ಬಂದ ಮಾತು ಒಂದೂ ಬಿಡಬ್ಯಾಡ್ರಿ ಮತ್ತ,” ಎಂದ ವಾದಿರಾಜ.

ಮುದುಕನ ಹೆಂಡತಿ ಶೇಖವ್ವ ತನ್ನ ಇಳಕಲ್ ಸೀರೆ ತಂದು ವಾದಿರಾಜನ ಪ್ಯಾಂಟಿನ ಮೇಲೇ ಸುತ್ತಿದಳು. ಊರಿಗೆ ಊರೇ ನೆರೆಯಿತು. ಮುದುಕ ಒಂದು ನುಡಿ ಹಾಡುವುದು, ನಾಲ್ಕು ಸಲ ಗದರುವುದು. “ಎಡಗಾಲ್ರೀ, ಎಡಗಾಲು! ಸೀರಿ ನಿರಗಿ ತುಳೀಬ್ಯಾಡ್ರಿ!” ವಾದಿರಾಜ ಕೆಸರಿಗೆ ಸಿಕ್ಕ ಎಮ್ಮೆಯ ಹಾಗೆ ಕಾಲೆತ್ತಿದ.

ಎದುರುಮನೆಯ ಹಾಲವ್ವನಿಗೆ ತಡೆಯಲಾಗಲಿಲ್ಲ. “ಯವ್ವಾ, ಈ ರಾಣೀಗೆ ಸೊಂಟಾನ ಇಲ್ಲಲ್ಲ! ಬಳಕಸ್ರೀ ಸಾಹೇಬ್ರ!”

ಸಂಜೆಯವರೆಗೂ ಬಳುಕಿಸಿದ್ದಾಯಿತು. ನಿಜ ಹೇಳಬೇಕೆಂದರೆ, ಕೊನೆಕೊನೆಗೆ ಅವನಿಗೆ ಖುಷಿಯೇ ಆಗಿತ್ತು.

ಬಸ್ಸು ಹೊರಡುವಾಗ ಮಾಸ್ತರ ಕಿಟಕಿಯಲ್ಲಿ ನೋಟ್‌ಬುಕ್ಕು ತುರುಕಿದ. ಹಿರೇಕೆರೂರು ದಾಟಿದ ಮೇಲೆ ವಾದಿರಾಜ ಆಸೆಯಿಂದ ತೆರೆದ. “ಎಡಗಾಲ್ರೀ, ಎಡಗಾಲು. ಸೀರಿ ನಿರಗಿ ತುಳೀಬ್ಯಾಡ್ರಿ.” ಎಂಬತ್ತು ಪುಟವೂ ಹೀಗೇ. ಹಾಲವ್ವನ “ಬಳಕಸ್ರೀ ಸಾಹೇಬ್ರ” ಕೂಡ ಬಿಟ್ಟಿರಲಿಲ್ಲ. ಕೊನೆಗೊಂದು ಸೂಚನೆ: “ಹಾಡುಗಳು ಊರಿಗೆಲ್ಲ ಬಾಯಿಪಾಠವಿರುವುದರಿಂದ ಅವನ್ನು ಬರೆದು ಕಾಗದ ಹಾಳುಮಾಡಿಲ್ಲ.” ವಾದಿರಾಜನಿಗೆ ಅಳುವೇ ಬಂತು.

ಸೋಮವಾರ ಪ್ರಾಣೇಶರಾಯರು ಒಂದೊಂದೇ ಪುಟ ಓದಿದರು. ವಾದಿರಾಜ ಕ್ಷಮಾಪಣೆಯ ಒಕ್ಕಣೆ ಮನಸ್ಸಿನಲ್ಲೇ ಹೊಂದಿಸುತ್ತ ನಿಂತಿದ್ದ.

“ಅಲ್ಲೋ, ದೊಡ್ಡಾಟದ ಕುಣಿತಾ ಕಲಿಸೋ ಕ್ರಮಾ ಇಷ್ಟು ಸವಿಸ್ತಾರ ನಾ ಎಲ್ಲೂ ಓದಿಲ್ಲ!” ಎಂದರು ರಾಯರು. “ಸಾಹಿತ್ಯಾ ಬಿಡು. ಇದನ್ನ ನಿನ್ನ ಪ್ರಬಂಧ ಮಾಡು.”

ವಾದಿರಾಜ ಅವರ ಕಾಲಿಗೇ ಬಿದ್ದ. “ಹಂಗಾರ ಕೆಲಸಾ ನಂದ ಅಲ್ರೀ ಸರ್?”

“ಮೌಖಿಕ ಪರೀಕ್ಷಾ ಆಗಲಿ ಮೊದ್ಲ. ಮೂರು ಮಂದಿ ಪರೀಕ್ಷಕರು ಬರೇ ಕಾಗದಾ ನಂಬೂದಿಲ್ಲ, ಕುಣದು ತೋರಸು ಅಂತಾರ.” ರಾಯರು ಕನ್ನಡಕ ತೆಗೆದು ಅವನ ಸೊಂಟದ ಕಡೆ ನೋಡಿದರು. “ಆ ಸೀರಿ ವಾಪಸ್ ಕೊಟ್ಟು ಬಂದ್ಯೇನು?”