ಯಲಹಂಕ ಬಂಗಲೆಯ ಜಪಾನೀ ಅತಿಥಿಗಳು ಮತ್ತು ಕಲ್ಲೆಸೆಯುವವರು ಪಾಲಿಸತಕ್ಕ ಕ್ರಮ

ಅತಿಥಿ ಸತ್ಕಾರ ಹಾಗೂ ಅತಿಥಿ ಸಂಶಯ ಶಾಖೆ
ಸುತ್ತೋಲೆ ಸಂಖ್ಯೆ: ಅಸಂ/ಯಲ/17/62-63
ದಿನಾಂಕ: 4ನೇ ಫೆಬ್ರವರಿ 1963

ವಿಷಯ: ವಿದೇಶೀ ಪ್ರವಾಸಿಗಳನ್ನು ದೇಶಭಕ್ತಿಗೆ ಕುಂದು ಬಾರದಂತೆ ಬರಮಾಡಿಕೊಳ್ಳುವ ಬಗ್ಗೆ.

ಉಲ್ಲೇಖ: (1) ದೆಹಲಿಯ ಪತ್ರ: "ದೇಶದ ಹೆಸರು ಹೊರಗೆ ಏಕೆ ಕೆಟ್ಟಿತು?" (2) ಈ ಶಾಖೆಯ ಉತ್ತರ: "ಪರಿಶೀಲನೆಯಲ್ಲಿದೆ." (3) ದೆಹಲಿಯ ಪತ್ರ, ಮತ್ತೊಮ್ಮೆ.

ಪ್ರಸ್ತಾವನೆ:

ಕಳೆದ ನವೆಂಬರಿನಲ್ಲಿ, ಗಡಿಯಲ್ಲಿ ಚೀನಾದೊಡನೆ ಯುದ್ಧ ನಡೆಯುತ್ತಿದ್ದಾಗ, ಜಪಾನಿನ ರೇಷ್ಮೆ ತಜ್ಞರಾದ ಶ್ರೀ ಒಕಾದಾ ಮತ್ತು ಅವರ ಪತ್ನಿ ನಂದಿಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಯಲಹಂಕದ ಪ್ರವಾಸಿ ಬಂಗಲೆಯಲ್ಲಿ ತಂಗಿದ್ದರು. ಬಂಗಲೆಯ ಅಡಿಗೆ, ಕಾವಲು ಎರಡನ್ನೂ ನೋಡಿಕೊಳ್ಳುತ್ತಿದ್ದ ಮೇಟಿ, ಹತ್ತಿರದ ಕೋಗಿಲು ಹಳ್ಳಿಯ ಬ್ಯಾಟರಾಯಪ್ಪನವರು, ಬೆಳಗಿನ ಕಾಫಿ ಕೊಟ್ಟು ಅವರನ್ನು ಅಲ್ಲಾಳಸಂದ್ರದ ಕೆರೆ ನೋಡಲು ಕಳುಹಿಸಿದರು.

ದಂಪತಿಗಳು ಏರಿಯ ಮೇಲೆ ನಿಂತು ಕೊಕ್ಕರೆಗಳ ಫೋಟೋ ತೆಗೆಯುತ್ತಿದ್ದಾಗ, ಹಿಟ್ಟಿನ ಗಿರಣಿಯ ಮಾಲೀಕರೂ ಸ್ಥಳೀಯ ದೇಶರಕ್ಷಣಾ ಸಮಿತಿಯ ಅಧ್ಯಕ್ಷರೂ ಆದ ಶ್ರೀ ಚಿಕ್ಕಬೈರಪ್ಪನವರು, ಚೀನಾದವರು ಕೆರೆಗೆ ವಿಷ ಹಾಕುತ್ತಿದ್ದಾರೆಂದು ಸಾರಿ ಜನ ಕೂಡಿಸಿದರು. ಅತಿಥಿಗಳನ್ನು ಬಂಗಲೆಯವರೆಗೆ ಮೆರವಣಿಗೆಯಲ್ಲಿ ಕರೆತರಲಾಯಿತು. ಶ್ರೀ ಒಕಾದಾ ಇದನ್ನು ಸ್ವಾಗತವೆಂದೇ ಭಾವಿಸಿ ದಾರಿಯುದ್ದಕ್ಕೂ ಬಾಗಿ ಬಾಗಿ ವಂದಿಸಿದರು. ಇದರಿಂದ ಸಂಶಯ ದೃಢಪಟ್ಟಿತು.

ಮೇಟಿಯವರು ಶ್ರೀಮತಿಯವರನ್ನು ಒಳಗೆ ಕೂರಿಸಿ ಬಾಗಿಲಿಗೆ ಅಡ್ಡ ನಿಂತರು. ಆಗ ನಡೆದ ಮಾತು ವಿಚಾರಣೆಯಲ್ಲಿ ಹೀಗೆ ದಾಖಲಾಗಿದೆ:

ಚಿಕ್ಕಬೈರಪ್ಪ: "ಬ್ಯಾಟರಾಯಣ್ಣ, ಅತ್ತಾಗ್ ಸರ್ಕೊ. ಇವ್ನು ಚೀನಾದೋನು. ಮಖ ನೋಡಿದ್ರೆ ಗೊತ್ತಾಗಾಕಿಲ್ವ?"

ಬ್ಯಾಟರಾಯಪ್ಪ: "ಜಪಾನ್ನೋರು ಕಣಪ್ಪ. ನೆನ್ನೆಯಿಂದ ನಾನೇ ಅನ್ನ ಇಕ್ತಾ ಇವ್ನಿ."

ಚಿಕ್ಕಬೈರಪ್ಪ: "ಅಂಗಾದ್ರೆ ಬಾರತ್ ಮಾತಾ ಕೀ ಜೈ ಅನ್ಲಿ, ನೋಡಾನ!"

ಮೇಟಿಯವರ ಹಿಂದೆ ಬಾಗಿಲಲ್ಲಿ ನಿಂತಿದ್ದ ಶ್ರೀ ಒಕಾದಾ ಅಂದರು. ಉಚ್ಚಾರಣೆ ತೃಪ್ತಿಕರವಾಗಿಲ್ಲವೆಂದು ಗುಂಪಿನಿಂದ ಕಲ್ಲೊಂದು ಬಂತು. ಅದು ಕಿಟಕಿಯ ಗಾಜು ಒಡೆದು ಒಳಗಿದ್ದ ಶ್ರೀಮತಿಯವರ ಹಣೆಗೆ ಬಿತ್ತು. ರಕ್ತ ಕಂಡ ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು.

ಆ ಗಳಿಗೆಯಲ್ಲೇ ಮೇಟಿಯವರು ಇಬ್ಬರನ್ನೂ ಅಡಿಗೆಮನೆಯ ಹಿಂಬಾಗಿಲಿನಿಂದ ಹೊರಡಿಸಿಕೊಂಡು ಹೊಲಗಳ ನಡುವೆ ಕೋಗಿಲಿನ ತಮ್ಮ ಮನೆಗೆ ಕರೆದೊಯ್ದರು. ಅವರ ಹೆಂಡತಿ ಮುನಿಗಂಗಮ್ಮನವರು ಗಾಯಕ್ಕೆ ಅರಿಶಿನ ಒತ್ತಿ, ಮುದ್ದೆ, ಅವರೆಕಾಳು ಸಾರು ಬಡಿಸಿ, "ಅಗೀಬ್ಯಾಡ ಕಣವ್ವ, ಇಂಗೆ ನುಂಗು" ಎಂದು ತಾವೇ ಒಂದು ತುತ್ತು ನುಂಗಿ ತೋರಿಸಿದರು. ಅಲ್ಲಿಯವರೆಗೆ ಅಳುತ್ತಿದ್ದ ಶ್ರೀಮತಿಯವರು ಆಗ ನಕ್ಕರೆಂದು ತಿಳಿದುಬಂದಿದೆ. ಸಂಜೆ ಮೇಟಿಯವರು ತಾವೂ ಬಸ್ಸು ಹತ್ತಿ ಅವರನ್ನು ಪೇಟೆಯ ಹೋಟೆಲಿಗೆ ಬಿಟ್ಟು ಬಂದರು.

ಶ್ರೀ ಒಕಾದಾ ಊರಿಗೆ ಮರಳಿ ಇದನ್ನೆಲ್ಲ ಪತ್ರಿಕೆಗೆ ಬರೆದರು. ನಂದಿಬೆಟ್ಟಕ್ಕೆ ಬರಬೇಕಿದ್ದ ಜಪಾನೀ ತಂಡವೂ, ಅದರ ಹಿಂದೆಯೇ ಜರ್ಮನ್ ತಂಡವೂ, ಬರುವುದಿಲ್ಲವೆಂದು ತಂತಿ ಕೊಟ್ಟವು. ಜರ್ಮನರ ಮುಖದ ಬಗ್ಗೆ ಸಮಿತಿಗೆ ಯಾವ ತಕರಾರೂ ಇಲ್ಲದಿರುವಾಗ ಅವರೇಕೆ ಹೆದರಿದರೆಂಬುದು ಶಾಖೆಗೆ ಅರ್ಥವಾಗಿಲ್ಲ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಸೂಚಿಸಿರುವುದೇನೆಂದರೆ:

1. ಚೀನಾದವರಲ್ಲದ ಪ್ರವಾಸಿಗಳೆಲ್ಲರೂ "ನಾನು ಚೀನಾದವನಲ್ಲ" ಎಂಬ ಕನ್ನಡ ಫಲಕವನ್ನು ಕೊರಳಿಗೆ ಹಾಕಿಕೊಳ್ಳತಕ್ಕದ್ದು. ಚೀನಾದವರು ಹಾಕಿಕೊಳ್ಳತಕ್ಕದ್ದಲ್ಲ. ಈ ವಿಷಯದಲ್ಲಿ ಅವರ ಪ್ರಾಮಾಣಿಕತೆಯನ್ನು ನಂಬಲಾಗಿದೆ.

2. ಕಲ್ಲೆಸೆಯುವ ಮುನ್ನ ಪಾಸ್‌ಪೋರ್ಟ್ ಕೇಳತಕ್ಕದ್ದು. ಓದಲು ಬಾರದಿದ್ದಲ್ಲಿ, ಓದಬಲ್ಲವರು ಬರುವವರೆಗೆ ಕಲ್ಲನ್ನು ಎಡಗೈಯಲ್ಲಿ ಹಿಡಿದಿರತಕ್ಕದ್ದು. ಎಡಚರು ಬಲಗೈಯಲ್ಲಿ.

3. ಜೈಕಾರಕ್ಕೆ ಪ್ರತಿ ಪ್ರವಾಸಿಗೂ ಮೂರು ಅವಕಾಶ ಕೊಡತಕ್ಕದ್ದು. ಮಾದರಿ ಉಚ್ಚಾರಣೆಗಾಗಿ ಶ್ರೀ ಚಿಕ್ಕಬೈರಪ್ಪನವರನ್ನು ಕರೆಸಲಾಗಿತ್ತು. ಮೂರು ಸಲವೂ ಅವರು "ಬಾರತ್" ಎಂದೇ ಅಂದದ್ದರಿಂದ ಮಹಾಪ್ರಾಣವನ್ನು ಈ ಹೋಬಳಿಯ ಮಟ್ಟಿಗೆ ಕೈಬಿಡಲಾಗಿದೆ.

4. ಕೆಲವು ಹಕ್ಕಿಗಳು ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವುದಾಗಿ ಗಮನಕ್ಕೆ ಬಂದಿದೆ. ಅವುಗಳ ನಿಷ್ಠೆ ಇತ್ಯರ್ಥವಾಗುವವರೆಗೆ ಫೋಟೋ ನಿಷೇಧಿಸಿದೆ. ಹಕ್ಕಿಗಳಿಗೆ ಇದನ್ನು ತಿಳಿಸುವ ಹೊಣೆ ಕೆರೆಯ ತೂಬಿನಿಂದ ನೀರು ಬಿಡುವ ನೀರುಗಂಟಿಯದು.

5. ಒಡೆದ ಕಿಟಕಿಯನ್ನು ಇನ್ನು ಮುಂದೆ "ಹೆಚ್ಚುವರಿ ಗಾಳಿ ಸೌಲಭ್ಯ" ಎಂದು ಕರೆಯತಕ್ಕದ್ದು.

6. ಪ್ರವಾಸಿಗಳು ತಮ್ಮ ದೇಶಕ್ಕೆ ಮರಳಿದ ಮೇಲೆ ಬರೆಯಬೇಕಾದ ಹೊಗಳಿಕೆಯನ್ನು ಅವರು ಬಂದಿಳಿದ ಕೂಡಲೇ, ಕಾಫಿಗೆ ಮುಂಚೆ, ಬರೆಸಿಕೊಳ್ಳತಕ್ಕದ್ದು.

7. ಮೇಟಿ ಬ್ಯಾಟರಾಯಪ್ಪನವರ ಮೇಲಿನ ಆಪಾದನೆಗಳು: ಅತಿಥಿಗಳನ್ನು ಅನುಮತಿಯಿಲ್ಲದೆ ಖಾಸಗಿ ಮನೆಗೆ ಸಾಗಿಸಿದ್ದು, ಮುದ್ದೆ ತಿನ್ನಿಸಿ ನಾಡಿನ ಬಡತನವನ್ನು ಹೊರದೇಶಕ್ಕೆ ತೋರಿಸಿಕೊಟ್ಟದ್ದು, ದೇಶಭಕ್ತರಿಗೆ ಎದುರಾಡಿದ್ದು. ಅತಿಥಿಗಳು ನಿಜಕ್ಕೂ ಚೀನಾದವರೇ ಆಗಿದ್ದರೆ ಏನು ಮಾಡುತ್ತಿದ್ದೆಯೆಂದು ಕೇಳಲಾಗಿ, "ಹಣೆ ಒಡದ್ರೆ ಅವ್ರಿಗೂ ನೋಯ್ತದಲ್ವಾ ಸಾಮಿ? ಉಣ್ಣಾಕ್ ಕೂತೋರ ಎಲೆ ನೋಡ್ತಾರೆ, ಮಖ ನೋಡ್ತಾರಾ?" ಎಂದರು. ಪ್ರಶ್ನೆಗೆ ಪ್ರಶ್ನೆಯೇ ಉತ್ತರವಾಗಲಾರದ್ದರಿಂದ ಇದನ್ನು ತಳ್ಳಿಹಾಕಿ, ಅವರನ್ನು ಯಶವಂತಪುರದ ಉಗ್ರಾಣಕ್ಕೆ ವರ್ಗಾಯಿಸಲಾಗಿದೆ. ಅಲ್ಲಿಗೆ ಅತಿಥಿಗಳು ಬರುವುದಿಲ್ಲ. ಬೀಗದ ಕೈ ಒಪ್ಪಿಸಿದ ದಿನ ಅವರು ಬಂಗಲೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದರೆಂದು ವರದಿಯಾಗಿದೆ. ವರ್ಗವಾದ ನೌಕರರು ಕುಳಿತುಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲ.

8. ಶ್ರೀ ಚಿಕ್ಕಬೈರಪ್ಪನವರನ್ನು ಅತಿಥಿ ಸ್ವಾಗತ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಲಾಗಿದೆ. ಅಂದಿನಿಂದ ಬಂಗಲೆಗೆ ಒಬ್ಬ ಪ್ರವಾಸಿಯೂ ಬಂದಿಲ್ಲ. ಆದಕಾರಣ ಪ್ರವಾಸಿಗಳಿಂದ ಒಂದು ದೂರೂ ಬಂದಿಲ್ಲ. ಈ ಸುಧಾರಣೆಯನ್ನು ಶಾಖೆಯು ಸಂತೋಷದಿಂದ ದಾಖಲಿಸುತ್ತದೆ.

(ಸಹಿ)
ನರಸಿಂಹಯ್ಯ
ಶಾಖಾಧಿಕಾರಿ
(ಮೇಲಧಿಕಾರಿಗಳ ಪರವಾಗಿ, ಅವರು ಸಹಿ ಹಾಕಲು ಒಪ್ಪದ ಕಾರಣ)

ಪ್ರತಿಗಳು:
— ದೆಹಲಿಗೆ. ದೇಶದ ಹೆಸರು ಕೆಟ್ಟಿಲ್ಲ, ಕೇಳಿದವರ ಕಿವಿ ಕೆಟ್ಟಿದೆ ಎಂಬ ಟಿಪ್ಪಣಿಯೊಂದಿಗೆ.
— ಅಲ್ಲಾಳಸಂದ್ರದ ನೀರುಗಂಟಿಗೆ, ಹಕ್ಕಿಗಳಿಗೆ ಓದಿ ಹೇಳಲು.
— ಶ್ರೀ ಒಕಾದಾ ಅವರಿಗೆ. ಲಕೋಟೆಯ ಮೇಲೆ ಶಾಖೆಯ ಗುಮಾಸ್ತರು "ಪೀಕಿಂಗ್" ಎಂದು ಬರೆದಿದ್ದರಿಂದ ಶತ್ರುದೇಶದೊಡನೆ ಪತ್ರವ್ಯವಹಾರಕ್ಕಾಗಿ ಶಾಖೆಯ ಮೇಲೆಯೇ ವಿಚಾರಣೆ ಆರಂಭವಾಗಿದೆ.
— ಬ್ಯಾಟರಾಯಪ್ಪನವರಿಗೆ, ಕೋಗಿಲಿನ ಮನೆಗೆ, ಜವಾನನ ಮೂಲಕ. ವರ್ಗದ ಆದೇಶ ಕೊಡಲು ಹೋದ ಜವಾನ ಅಲ್ಲಿ ಉಂಡು ಬಂದಿದ್ದಾನೆ. ಅವನಿಂದಲೂ ವಿವರಣೆ ಕೇಳಲಾಗಿದೆ.